ಏಳನೆಯ ಲಕ್ಷ್ಮಿ ಯಾವ ಕಾಲಂಗೆ?

೧೯೯೯ರ ವಿಧಾನಸಭಾ ಚುನಾವಣೆಗೆ ಮುಂಚೆ, ಬಣಕಲ್‌ನ ಬಾಡಿಗೆ ಮನೆಯಲ್ಲಿ ಕೂತು ನಾನು ಎರಡು ದಿನ ಮತದಾರರ ಪಟ್ಟಿ ನೋಡಿ ಜನರ ಜಾತಿ, ಭಾಷೆ ಊಹಿಸಿದೆ. ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಇರುತ್ತದೆ, ಜಾತಿ ಇರುವುದಿಲ್ಲ. ಆದರೂ ಪ್ರತಿ ಚುನಾವಣೆಗೂ ಪತ್ರಿಕೆಯವರು ಕ್ಷೇತ್ರದಲ್ಲಿ ಯಾರು ಎಷ್ಟು ಜನ ಎಂದು ಕೇಳುತ್ತಾರೆ, ನನ್ನಂಥ ವರದಿಗಾರರು ಕೊಡುತ್ತೇವೆ. ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳಿದ್ದಿಲ್ಲ. ನನ್ನದು ಪೆನ್ಸಿಲ್ ವಿಧಾನ: ಹಾಳೆಗೆ ಕಾಲಂ ಹಾಕಿ, ಹೆಸರು ಓದಿ, ಗೀಟು ಎಳೆಯುವುದು. ಗೌಡರು, ಭಟ್ಟರು, ಬ್ಯಾರಿಗಳು ಸಲೀಸು. ಮಂಜುನಾಥ ಎಂಬ ಹೆಸರು ಬಂದರೆ ಮಾತ್ರ ಎದ್ದು ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಆ ಹೆಸರು ಎಲ್ಲ ಜಾತಿಯಲ್ಲೂ ಇದೆ.

ಪಟ್ಟಿಯಲ್ಲಿ ಬಾಳೂರು ಕಡೆಯ ಒಂದು ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಬಂದಾಗ ಪೆನ್ಸಿಲ್ ನಿಂತಿತು. ಮೇರಿ, ಗಂಡ ಮುನಿಯಾಂಡಿ. ಕ್ರೈಸ್ತರ ಕಾಲಂಗೋ, ತಮಿಳರ ಕಾಲಂಗೋ? ಕುತೂಹಲ ತಡೆಯಲಾಗದೆ ಜೀಪು ಹತ್ತಿದೆ.

ಎಸ್ಟೇಟಿನ ಲೆಕ್ಕ, ಹಾಜರಿ ನೋಡಿಕೊಳ್ಳುವ ರೈಟರ್ ಶಿವಣ್ಣನವರು ಸಂಕೋಚವಿಲ್ಲದೆ ಒಪ್ಪಿಕೊಂಡರು. "ಲೈನಿನಲ್ಲಿ ಏಳು ಜನ ಲಕ್ಷ್ಮಿಯರು ಮಾರಾಯ್ರೆ. ಹಾಜರಿ ಕೂಗಿದ್ರೆ ಏಳೂ ಜನ ಓ ಅಂತಿದ್ರು. ಒಬ್ಬಳ ಹೆಸರು ಹಾಗೇ ಬಿಟ್ಟೆ, ಐದು ಜನಕ್ಕೆ ಬೇರೆ ದೇವಿಯರ ಹೆಸರು ಹಾಕಿದೆ. ಏಳನೆಯವಳಿಗೆ ಏನೂ ಹೊಳೀಲಿಲ್ಲ, ಆಸ್ಪತ್ರೆ ನರ್ಸಮ್ಮನ ಹೆಸರು ಬರೆದೆ." ಪಟ್ಟಿ ಮಾಡಲು ಬಂದವರು ಕೆಲಸದ ಹೊತ್ತಿನಲ್ಲಿ ಮನೆಗಳಲ್ಲಿ ಯಾರೂ ಸಿಗದೆ ಶಿವಣ್ಣನವರ ಹಾಜರಿ ಪುಸ್ತಕವನ್ನೇ ನಕಲು ಮಾಡಿಕೊಂಡಿದ್ದರು.

ಮೇರಿಯಾದ ಲಕ್ಷ್ಮಿ ಗಿಡದ ಬುಡ ಬಿಡಿಸುತ್ತಿದ್ದಳು. ಹಿಂದೊಮ್ಮೆ ಮತಗಟ್ಟೆಯಲ್ಲಿ ತನ್ನ ನಿಜವಾದ ಹೆಸರು ಹೇಳಿದ್ದಕ್ಕೆ ಆಕೆಯನ್ನು ವಾಪಸ್ ಕಳಿಸಿದ್ದರಂತೆ. ನಾನು ಚೀಲದಿಂದ ತಿದ್ದುಪಡಿ ಅರ್ಜಿ ತೆಗೆದೆ. ಹೆಸರು ಸರಿ ಮಾಡಿಸಿಕೊಳ್ಳುವುದು ನಿನ್ನ ಹಕ್ಕು ಎಂದು ಒಂದಷ್ಟು ಹೊತ್ತು ಹೇಳಿದೆ. ಆಕೆ ಕೈಯ ಮಣ್ಣು ಒರೆಸಿಕೊಳ್ಳಲಿಲ್ಲ.

"ಬೇಡ ಸಾರ್. ಆಮೇಲಿನ ಸಲ ಮೇರಿ ಅಂದೆ, ಬೆರಳಿಗೆ ಶಾಯಿ ಹಾಕಿದ್ರು. ಸರಿ ಮಾಡಕ್ಕೆ ಹೋಗಿ ಇರೋದೂ ಹೋದ್ರೆ?"

ಹಾಗೆಲ್ಲ ಆಗುವುದಿಲ್ಲ ಎಂದೆ. ಆಕೆಯ ಕಣ್ಣು ನನ್ನ ಕಾಲಂ ಹಾಳೆಯ ಮೇಲೆ ಬಿತ್ತು. ಏನೆಂದು ವಿವರಿಸಿದೆ. ಸ್ವಲ್ಪ ಯೋಚಿಸಿ, "ಎರಡು ಕಡೆನೂ ಗೀಟು ಎಳೀರಿ ಸಾರ್, ವೋಟು ಒಂದೇ ಹಾಕ್ತೀನಿ" ಎಂದಳು.

ನಾನು ಆಕೆಯನ್ನು 'ಇತರರು' ಕಾಲಂಗೆ ಹಾಕಿದೆ. ವರದಿ ಪ್ರಕಟವಾಯಿತು. ಬೇರೆ ಎರಡು ಪತ್ರಿಕೆಗಳು ಅದೇ ಅಂಕಿಗಳನ್ನು ಬಳಸಿಕೊಂಡವು.

ಆಮೇಲೆ ನಾನು ಮೂಡಿಗೆರೆಗೆ ಮನೆ ಬದಲಿಸಿದೆ. ಹಕ್ಕಿನ ಬಗ್ಗೆ ಅಷ್ಟೆಲ್ಲ ಹೇಳಿದವನಲ್ಲವೇ, ಬಣಕಲ್ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿಯನ್ನು ಮೊದಲ ವಾರವೇ ಕೊಟ್ಟೆ. ಮೂಡಿಗೆರೆಯಲ್ಲಿ ಸೇರಿಸುವ ಅರ್ಜಿ ಚೀಲದಲ್ಲೇ ಉಳಿಯಿತು.

೨೦೦೪ರ ಚುನಾವಣೆಯ ದಿನ ವರದಿಗೆಂದು ಬಾಳೂರಿನ ಮತಗಟ್ಟೆಗೆ ಹೋಗಿದ್ದೆ. ಮೇರಿ, ಗಂಡ ಮುನಿಯಾಂಡಿ, ಮತ ಹಾಕಿ ಹೊರಬಂದಳು. ನನ್ನ ಬೆರಳು ನೋಡಿ, "ನೀವಿನ್ನೂ ಹಾಕಿಲ್ವಾ ಸಾರ್?" ಎಂದು ಕೇಳಿದಳು.