ಸಂಜೆ ಹಾಲಿನ ಹೊತ್ತಿಗೆ ಘಾಟಿ ನೋಡಿ ಬರುವುದು

ಬೇರೆಯವರು ಪ್ರವಾಸಕ್ಕೆ ಹೋಗಿ ಬಂದರೆ ನೋಡಿದ್ದನ್ನು ಹೇಳುತ್ತಾರೆ. ನಮ್ಮ ಮನೆಯವರು ಹೋಗಿ ಬಂದರೆ ಯಾಕೆ ನೋಡಲಾಗಲಿಲ್ಲ ಅನ್ನುವುದನ್ನು ಹೇಳಬೇಕಾಗುತ್ತದೆ. ಒಂದು ಸಲವಾದರೆ ಆಕಸ್ಮಿಕ ಅನ್ನಬಹುದಿತ್ತು. ನಮ್ಮಲ್ಲಿ ವರ್ಷಕ್ಕೊಂದರಂತೆ ಆಗುತ್ತಲೇ ಇದೆ.

ನಾನು ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಮದುವೆಯಾಗಿ ಸೇರಿದ್ದು ಅರಕೆರೆಗೆ. ಗದ್ದೆ, ಕಬ್ಬು, ಒಂದು ಸೀಮೆ ಹಸು ಇರುವ ಮನೆ. ಹನ್ನೊಂದು ವರ್ಷದಿಂದ ಕಪ್ಪುಹಲಗೆಯ ಮೇಲೆ ಪಶ್ಚಿಮ ಘಟ್ಟ ಬರೆಯುತ್ತಿದ್ದೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲುದಾರಿಯಲ್ಲಿ ಎಷ್ಟು ಸುರಂಗ, ಎಷ್ಟು ಸೇತುವೆ, ಎಂಥ ಜಲಪಾತ ಅಂತ ಕೈ ಆಡಿಸಿ ವರ್ಣಿಸುತ್ತೇನೆ. ಅದನ್ನು ನಾನೇ ನೋಡಿರಲಿಲ್ಲ. ಹಗಲು ಹೊತ್ತಿನಲ್ಲಿ, ರೈಲಿನ ಕಿಟಕಿ ಪಕ್ಕ ಕೂತು, ಒಂದೇ ಒಂದು ಸಲ ಆ ಘಾಟಿ ಇಳಿಯಬೇಕು ಅನ್ನುವುದು ನನ್ನ ಆಸೆ.

ದೊಡ್ಡ ಆಸೆಯೇನಲ್ಲ. ಆದರೆ ನಮ್ಮ ಮನೆಯಲ್ಲಿ ಹೊರಟರೆ ಅತ್ತೆ, ಮಾವ, ನಮ್ಮ ಯಜಮಾನರು, ನಾನು, ನಾಲ್ಕೂ ಜನ ಹೊರಡಬೇಕು. ಹಸುವಿಗೋ ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ನಾಲ್ಕೂವರೆಗೆ ಒಂದು ಸಲ ಹಾಲು ಕರೆಯಲು ಅತ್ತೆಯೇ ಬಂದು ಕೂರಬೇಕು. ಬೇರೆ ಯಾರು ಕೂತರೂ ಬಕೆಟ್ಟಿಗೆ ಒದೆಯುತ್ತದೆ. ಹಾಗಾಗಿ ರೈಲೋ, ಬಸ್ಸೋ, ಟ್ಯಾಕ್ಸಿಯೋ ಅನ್ನುವ ಮಾತು ಬಂದಾಗ ನಾವು ಮೊದಲು ನೋಡುವುದು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಯಾವುದು ವಾಪಸ್ ತಂದು ಬಿಡುತ್ತದೆ ಅಂತ.

೧. ಕಾರಿನಲ್ಲಿ ಹೋಗುವವರ ಕಷ್ಟ

ಮೊದಲ ವರ್ಷ ಟ್ಯಾಕ್ಸಿ ಗೆದ್ದಿತು. ಘಾಟಿ ದೂರ, ಮೊದಲು ಹತ್ತಿರದ್ದು ನೋಡಿ ಅಭ್ಯಾಸ ಮಾಡಿಕೊಳ್ಳೋಣ ಅಂತ ಯಜಮಾನರು ತೀರ್ಮಾನಿಸಿದರು. ತೊಣ್ಣೂರು ಕೆರೆ, ಅಲ್ಲಿಂದ ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿ ದೇವಸ್ಥಾನ, ಆಮೇಲೆ ನಾಗಮಂಗಲ, ನಾಲ್ಕು ಗಂಟೆಗೆ ಮನೆ. ಕಾಗದದ ಮೇಲೆ ಬರೆದಾಗ ಚೆನ್ನಾಗಿಯೇ ಇತ್ತು.

ಪಾಂಡವಪುರ ಬರುತ್ತಲೇ ಅತ್ತೆ ತಂಗಿಯ ಮನೆಯ ಬೀದಿ ತೋರಿಸಿ ಐದೇ ನಿಮಿಷ ಅಂದರು. ನಮ್ಮ ಕಡೆ ಒಂದು ಲೆಕ್ಕವಿದೆ. ಬಸ್ಸಿನಲ್ಲಿ ಹೋಗುವಾಗ ನಂಟರ ಊರು ದಾಟಿ ಹೋದರೆ ತಪ್ಪಿಲ್ಲ, ಬಸ್ಸು ನಮ್ಮ ಮಾತು ಕೇಳುವುದಿಲ್ಲ. ಕಾರು ಮಾಡಿಕೊಂಡು ಹೋಗುವಾಗ ದಾಟಿ ಹೋದರೆ ಅವರು ನಮ್ಮ ಮನೆಯ ಮದುವೆಗೂ ಬರುವುದಿಲ್ಲ. ಅತ್ತೆಯ ತಂಗಿ ಉಪ್ಪಿಟ್ಟು ಮಾಡಿದರು, ಕಾಫಿ ಕೊಟ್ಟರು, ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹೊಸದಾಗಿ ತಂದ ಹಸು ತೋರಿಸಿದರು. ಅತ್ತೆ ಅದರ ಹಲ್ಲು, ಕೆಚ್ಚಲು ಎಲ್ಲ ನೋಡಿ ಅಭಿಪ್ರಾಯ ಹೇಳುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು.

ನಾವು ಕಾರು ಹತ್ತುವಷ್ಟರಲ್ಲಿ ಆ ತಂಗಿ ಮುಂದಿನ ಊರಿನ ನಂಟರಿಗೆಲ್ಲ ಫೋನ್ ಮಾಡಿಬಿಟ್ಟಿದ್ದರು. ಹೋದ ಕಡೆಯಲ್ಲೆಲ್ಲ ಉಪ್ಪಿಟ್ಟು ಒಲೆಯ ಮೇಲೆ ಸಿದ್ಧವಾಗಿತ್ತು. ತೊಣ್ಣೂರಿನ ಹತ್ತಿರ ಬಂದಾಗ ನಾನು ಕೆರೆಗಾದರೂ ಹೋಗೋಣ ಅಂತ ಗಟ್ಟಿಯಾಗಿ ಹೇಳಿದೆ. ಅಲ್ಲಿಯ ತನಕ ಬಾಯಿ ಬಿಡದೆ ಇದ್ದ ಡ್ರೈವರ್ ಆಗ ತಿರುಗಿ ನೋಡಿದ. "ಅಕ್ಕಾ, ನಮ್ಮಕ್ಕನ ಮನೆ ಇಲ್ಲೇ ಐತೆ. ನಿಮ್ಮೋರ ಮನೆಗೆಲ್ಲ ಕರ್ಕೊಂಡೋಗಿವ್ನಿ. ಅವಳ ಮನೆ ಮುಂದೆ ಅಂಗೇ ಹೋದ್ರೆ ಅವಳೇನ್ ಅಂದ್ಕತಾಳೆ?" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮನೆ ಸೇರಿದೆವು. ಆ ದಿನದ ಫೋಟೊಗಳು ನನ್ನ ಫೋನಿನಲ್ಲಿ ಇನ್ನೂ ಇವೆ. ಒಂದರಲ್ಲೂ ಕೆರೆಯಿಲ್ಲ, ದೇವಸ್ಥಾನವಿಲ್ಲ. ಆರು ಬೇರೆ ಬೇರೆ ಹಸುಗಳ ಪಕ್ಕ ಅತ್ತೆ ನಿಂತಿದ್ದಾರೆ.

೨. ಬಸ್ಸು ನಿಲ್ಲಿಸಿದ ಬದು

ಮರುವರ್ಷ ಮಾವ ಬಸ್ಸೇ ಸರಿ ಅಂದರು. ಯಾರ ಮನೆ ಮುಂದೆಯೂ ನಿಲ್ಲುವುದಿಲ್ಲ, ಉಪ್ಪಿಟ್ಟಿನ ಕಾಟವಿಲ್ಲ. ಘಾಟಿಯ ಮಾತು ಎತ್ತಿದೆ. ಮೊದಲು ಗೋವಿಂದನಹಳ್ಳಿ ಮುಗಿಸು ಅಂದರು. ಹೋದ ವರ್ಷದ ಬಾಕಿ ಹಾಗೇ ಉಳಿದಿತ್ತು.

ಕೆ.ಆರ್. ಪೇಟೆಯ ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ಕೂತರು. ನಮ್ಮ ಗದ್ದೆ ಇರುವುದು ನಾಲೆಯ ತುದಿಯಲ್ಲಿ. ಮೇಲಿನವರೆಲ್ಲ ಹಾಯಿಸಿಕೊಂಡು ಮಿಕ್ಕರೆ ನಮಗೆ ನೀರು. ಹಾಗಾಗಿ ಮಾವನಿಗೆ ನೀರು ಪೋಲಾಗುವುದು ಕಂಡರೆ ಬೇರೇನೂ ಕಾಣುವುದಿಲ್ಲ. ಪಾಂಡವಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಯಾರದೋ ಗದ್ದೆಯ ಬದು ಒಡೆದು ನೀರು ರಸ್ತೆ ಪಕ್ಕದ ಚರಂಡಿಗೆ ಧಾರಾಳವಾಗಿ ಹರಿಯುತ್ತಿತ್ತು. ಮಾವ ಎದ್ದು ನಿಂತು ಬಸ್ಸು ನಿಲ್ಲಿಸಲು ಹೇಳಿದರು. ಯಾರಿಗೋ ವಾಂತಿ ಬಂದಿದೆ ಅಂದುಕೊಂಡು ಕಂಡಕ್ಟರ್ ಸೀಟಿ ಊದಿದ.

ಮಾವ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು, ಕೈಯಲ್ಲೇ ಮಣ್ಣು ಬಾಚಿ ಹಾಕತೊಡಗಿದರು. ಹಾರನ್ ಹೊಡೆಯಬೇಕಾಗಿದ್ದ ಡ್ರೈವರ್ ಒಂದು ನಿಮಿಷ ನೋಡಿದ. ಅವನೂ ಗದ್ದೆ ಇರುವವನೇ ಅಂತ ಕಾಣುತ್ತದೆ. ಬರೀ ಮಣ್ಣು ನಿಲ್ಲಲ್ಲ, ಕೆಳಗೆ ಕಲ್ಲು ಹಾಕಬೇಕು ಅನ್ನುತ್ತಾ ಇಂಜಿನ್ ಆಫ್ ಮಾಡಿ ಇಳಿದ. ಅವನ ಹಿಂದೆ ಎಂಟು ಹತ್ತು ಗಂಡಸರು ಇಳಿದರು. ಹೆಂಗಸರು ಕಿಟಕಿಯಲ್ಲೇ ಕೂತು ಯಾವ ಕಲ್ಲು ಎಲ್ಲಿಗೆ ಅಂತ ಹೇಳಿಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಹನಿ ನೀರು ಆಚೆ ಹೋಗದ ಹಾಗೆ ಬದು ಕಟ್ಟಿ ಮುಗಿಯಿತು.

ಆಗ ಗದ್ದೆಯವನು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದ. ಮಾವ ಕೈ ಒರೆಸಿಕೊಳ್ಳುತ್ತಾ, ಅವನು ಏನಾದರೂ ಒಳ್ಳೆಯ ಮಾತು ಆಡಲಿ ಅಂತ ಕಾಯುತ್ತಾ ನಿಂತರು. ಅವನು ಬದುವನ್ನು ಆ ಕಡೆಯಿಂದ ಈ ಕಡೆಗೆ ನೋಡಿ ಅಲ್ಲೇ ಕೂತುಬಿಟ್ಟ. "ಹೊತ್ತಾರೆಯಿಂದ ಒಡ್ದು ಬುಟ್ಟಿದ್ದೆ ಕಣಣ್ಣ ಅದ. ಗದ್ದೆ ಬಸೀಬೇಕಿತ್ತು. ನಾಡಿದ್ದು ಕುಯ್ಯೋ ಮಿಷಿನ್ ಬತ್ತೈತೆ," ಅಂದ.

ಅದೇ ಹತ್ತು ಜನ ಮತ್ತೆ ಸೇರಿ ಬದು ಒಡೆದರು. ಕಲ್ಲು ಗಟ್ಟಿಯಾಗಿ ಕೂತಿದ್ದರಿಂದ ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೆ.ಆರ್. ಪೇಟೆ ತಲುಪಿದಾಗ ಹಾಲಿನ ಹೊತ್ತಿಗೆ ಮನೆ ಸೇರಬೇಕಾದರೆ ಆ ಬಸ್ಸಿನಲ್ಲೇ ತಿರುಗಿ ಹೊರಡಬೇಕಿತ್ತು. ಹತ್ತುವಾಗ ಕಂಡಕ್ಟರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮೇಡಂ, ಯಜಮಾನ್ರನ್ನ ಗದ್ದೆ ಕಾಣ್ದಿರೋ ಕಡೆ ಕೂರ್ಸಿ."

೩. ಹತ್ತು ನಿಮಿಷದ ರೈಲು

ಮೂರನೆಯ ವರ್ಷ ನಾನು ರೈಲೇ ಆಗಬೇಕು ಅಂತ ಹಟ ಹಿಡಿದೆ. ಅತ್ತೆ ಅಲ್ಲಿಯ ತನಕ ರೈಲು ಹತ್ತಿದವರಲ್ಲ. ಅವರಿಗೆ ಒಗ್ಗುತ್ತದೋ ಇಲ್ಲವೋ ನೋಡೋಣ ಅಂತ ಯಜಮಾನರು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಟಿಕೆಟ್ ತೆಗೆಸಿದರು. ಕೂತು ಏಳುವಷ್ಟರಲ್ಲಿ ಮುಗಿಯುವ ದಾರಿ, ಹತ್ತು ನಿಮಿಷ ಅನ್ನಿ.

ಹತ್ತು ನಿಮಿಷ ಅಂತ ಅತ್ತೆಗೆ ಯಾರೂ ಹೇಳಿರಲಿಲ್ಲ. ರೈಲು ಪ್ರಯಾಣ ಅಂದದ್ದಕ್ಕೆ ಅವರು ಚಿತ್ರಾನ್ನ, ಮೊಸರನ್ನ, ಚಕ್ಕುಲಿ, ಒಂದು ಕಟ್ಟು ಮುತ್ತುಗದೆಲೆ ತಂದಿದ್ದರು. ರೈಲು ಹೊಳೆ ದಾಟುವಾಗ ನಾನು ಕಿಟಕಿಯಲ್ಲಿ ಮುಖ ಇಟ್ಟೆ. ತಿರುಗಿ ನೋಡುವಷ್ಟರಲ್ಲಿ ಎಲ್ಲರ ತೊಡೆಯ ಮೇಲೂ ಎಲೆ ಬಿದ್ದಿತ್ತು. ಎದುರು ಸೀಟಿನ ಅಪರಿಚಿತನ ತೊಡೆಯ ಮೇಲೂ ಇತ್ತು.

ಮೊದಲನೆಯ ತುತ್ತು ಬಾಯಿಗೆ ಹೋಗಿದೆ, ಪಾಂಡವಪುರ ಬಂತು. ಯಜಮಾನರು ಏಳಲು ಹೋದರು. ಅತ್ತೆ ಸೌಟು ಅಡ್ಡ ಹಿಡಿದು, "ಕೂತ್ಕಳ್ಲಾ. ಅನ್ನದ ಮುಂದಿಂದ ಏಳ್ಬಾರ್ದು," ಅಂದರು. ನಮ್ಮ ಮನೆಯಲ್ಲಿ ಈ ಮಾತಿಗೆ ಎದುರಿಲ್ಲ. ಎದುರು ಸೀಟಿನವನೂ ಪಾಂಡವಪುರಕ್ಕೇ ಇಳಿಯಬೇಕಾದವನಂತೆ. ಅವನ ಮನೆಯಲ್ಲೂ ಇದೇ ನಿಯಮ ಅಂತ ಕಾಣುತ್ತದೆ, ಪ್ಲಾಟ್‌ಫಾರಂ ಹಿಂದಕ್ಕೆ ಹೋಗುವುದನ್ನು ನೋಡುತ್ತಾ ಚಿತ್ರಾನ್ನ ಕಲೆಸಿಕೊಂಡ.

ಕೈ ತೊಳೆಯುವ ಹೊತ್ತಿಗೆ ಮಂಡ್ಯ ಬಂದಿತ್ತು. ಐದು ಜನವೂ ಇಳಿದೆವು. ಮಾವ ಪಂಚೆಯ ತುದಿಯಲ್ಲಿ ಬಾಯಿ ಒರೆಸಿಕೊಂಡು, ಮೊಸರನ್ನ ಇನ್ನೊಂದು ಸುತ್ತು ಬಡಿಸಿದ್ದರೆ ಬೆಂಗಳೂರು ನೋಡಬಹುದಿತ್ತು ಅಂದರು.

೪. ಘಾಟಿ

ಕೊನೆಗೆ ನನ್ನ ಆಸೆ ಕೈಗೂಡಿದ್ದು ಅತ್ತೆಯ ಹರಕೆಯಿಂದ. ಅವರು ಸುಬ್ರಹ್ಮಣ್ಯಕ್ಕೆ ಬರುತ್ತೇನೆ ಅಂತ ಹರಕೆ ಹೊತ್ತಿದ್ದರು. ದೇವರಿಗೆ ಕೊಟ್ಟ ಮಾತು, ಹಸು ಒಂದು ರಾತ್ರಿ ಸುಧಾರಿಸಿಕೊಳ್ಳಲೇಬೇಕಿತ್ತು. ಹಾಲು ಕರೆಯಲು ಯಜಮಾನರು, ಜೊತೆಗೆ ಮಾವ ಉಳಿಯುವುದು, ಅತ್ತೆ ನಾನು ಇಬ್ಬರೇ ಹೋಗುವುದು ಅಂತಾಯಿತು.

ಹೇಗೆ ಹೋಗುವುದು ಅಂತ ಮೂರು ದಿನ ಮಾತಾಯಿತು. ಮಾವ ಟ್ಯಾಕ್ಸಿ ಅಂದರು, ಯಜಮಾನರು ಮೈಸೂರಿನಿಂದ ನೇರ ಬಸ್ಸು ಅಂದರು. ನಾನು ಸುರಂಗ, ಸೇತುವೆ, ಕಣಿವೆ ಎಲ್ಲವನ್ನೂ ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ವರ್ಣಿಸಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, ಘಾಟಿ ರಸ್ತೆಯ ತಿರುವಿನಲ್ಲಿ ತನಗೆ ವಾಂತಿಯಾಗುತ್ತದೆ, ರೈಲಿನಲ್ಲಿ ಆಗುವುದಿಲ್ಲ ಅಂತ ಪಕ್ಕದ ಮನೆಯವಳು ಹೇಳಿದ್ದಾಳೆ, ರೈಲೇ ಇರಲಿ ಅಂದರು. ನನ್ನ ವರ್ಣನೆಗೆ ಬೆಲೆ ಸಿಗದಿದ್ದರೂ ಟಿಕೆಟ್ ಸಿಕ್ಕಿತು.

ಹೊರಡುವ ಮುಂಚೆ ಎಂಟು ದಿನ ಯಜಮಾನರು ಹಾಲು ಕರೆಯುವ ಅಭ್ಯಾಸ ಮಾಡಿದರು. ಅತ್ತೆ ಪಕ್ಕದಲ್ಲಿ ನಿಂತು ಹಸುವಿನ ಜೊತೆ ಮಾತಾಡುತ್ತಿದ್ದರು, ಅದು ಸುಮ್ಮನೆ ನಿಲ್ಲುತ್ತಿತ್ತು. ಎಲ್ಲರಿಗೂ ಧೈರ್ಯ ಬಂತು. ಹೊರಡುವ ದಿನ ಬೆಳಗಿನ ಹಾಲು ಅತ್ತೆಯೇ ಕರೆದು ಡೈರಿಗೆ ಹಾಕಿದರು. ಅಲ್ಲಿಂದ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ರೈಲು ಹತ್ತಿದೆವು. ಕಿಟಕಿ ಸೀಟು ನನ್ನದು, ಕಣಿವೆ ಕಾಣುವ ಕಡೆಯದೇ. ಅತ್ತೆ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತರು. ಸಕಲೇಶಪುರದಲ್ಲಿ ಮುಂದಿನ ಗೂಡ್ಸ್ ಗಾಡಿಗಳು ಇಳಿಯುವ ತನಕ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದರು. ಹಗಲು ಇನ್ನೂ ಉಳಿದಿತ್ತು, ನನಗೆ ಅಷ್ಟು ಸಾಕಾಗಿತ್ತು.

ನಾಲ್ಕೂವರೆಯ ಹೊತ್ತಿಗೆ ರೈಲು ಘಾಟಿಗೆ ಇಳಿಯಿತು. ಮೊದಲನೆಯ ಸುರಂಗ ದಾಟಿತು, ಒಂದು ಎತ್ತರದ ಸೇತುವೆ ಬಂತು. ಕೆಳಗೆ ಕಣ್ಣು ಹಾಯುವಷ್ಟು ದೂರ ಕಾಡು. ಹನ್ನೊಂದು ವರ್ಷ ಹಸಿರು ಸೀಮೆಸುಣ್ಣದಲ್ಲಿ ಬರೆದದ್ದು ಇದನ್ನೇ ಅಂತ ನನಗೆ ಕಣ್ಣು ತುಂಬಿ ಬಂತು. ಆಗ ಅತ್ತೆಯ ಫೋನು ಬಡಿಯಿತು.

ಅತ್ತೆ ಸ್ಪೀಕರ್ ಹಾಕಿದರು, ಯಜಮಾನರು ಮಾತಾಡುತ್ತಿದ್ದರು. ಹಸು ಬಕೆಟ್ಟಿಗೆ ಒದ್ದಿದೆ, ಎರಡನೆಯ ಸಲ ಅವರಿಗೇ ಒದ್ದಿದೆ, ಡೈರಿ ಮುಚ್ಚುವ ಹೊತ್ತಾಗುತ್ತಿದೆ. ಅತ್ತೆ ಒಂದೇ ಮಾತು ಹೇಳಿದರು: "ಫೋನ್ನ ಅದ್ರ ಕಿವಿತಾವ ಇಡ್ಲಾ." ಅಷ್ಟರಲ್ಲಿ ಸಿಗ್ನಲ್ ಹೋಯಿತು. ಕಿಟಕಿಯ ಕಡೆ ಬಾಗಿದರೆ ಬರುತ್ತಿತ್ತು. "ಒಸಿ ಜರುಗವ್ವ," ಅಂದರು. ನಾನು ಎದ್ದೆ, ಅವರು ಕೂತರು.

ಆಚೆ ಮಾವ ಫೋನನ್ನು ಹಸುವಿನ ಕಿವಿಗೆ ಹಿಡಿದರು, ಅದರ ಜೊತೆ ಅತ್ತೆಯ ಮಾತು ಶುರುವಾಯಿತು. ನನ್ನ ಮಗನ್ನ ಯಾಕೆ ಒದ್ದೆ, ನಾನೆಲ್ಲಿಗೆ ಹೋಗಿಬಿಟ್ಟೆ, ನಾಳೆ ಬರುವುದಿಲ್ಲವೇ ಅಂತ ಒಂದಷ್ಟು ಗದರಿಕೆ, ಒಂದಷ್ಟು ಮುದ್ದು. ಬೋಗಿಯಲ್ಲಿ ಒಬ್ಬೊಬ್ಬರೇ ನಮ್ಮ ಕಡೆ ತಿರುಗಿದರು. ಸುರಂಗ ಬಂದಾಗಲೆಲ್ಲ ಫೋನು ಕಟ್ಟಾಗುತ್ತಿತ್ತು, ಆಚೆ ಹಸುವಿನ ಹಾಲೂ ನಿಲ್ಲುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಒಬ್ಬರು ಮುಂದೆ ನೋಡಿಕೊಂಡು, ಅಮ್ಮಾ ಸುರಂಗ ಬಂತು ಅಂತ ಹೇಳತೊಡಗಿದರು. ಅತ್ತೆ ಕೂಡಲೇ ಹಸುವಿಗೆ, "ಒಂದ್ ಗಳಿಗೆ ಇರವ್ವ, ಕತ್ಲೆ ಬತ್ತೈತೆ," ಅನ್ನುತ್ತಿದ್ದರು. ಜಲಪಾತದ ವಿಡಿಯೋ ಮಾಡುತ್ತಿದ್ದವರು ಫೋನನ್ನು ಅತ್ತೆಯ ಕಡೆ ತಿರುಗಿಸಿದರು.

ನನಗೆ ಕಾಣುತ್ತಿದ್ದುದು ಅತ್ತೆಯ ತುರುಬು, ಅದರಲ್ಲಿದ್ದ ಕನಕಾಂಬರ. ಅದರ ಪಕ್ಕದ ಸಂದಿಯಲ್ಲಿ ಒಮ್ಮೆ ಹಸಿರು, ಒಮ್ಮೆ ಬಿಳುಪು, ಒಮ್ಮೆ ಕತ್ತಲೆ. ಸಿಟ್ಟು ಬಂತು. ಆದರೆ ಹಾಲು ನಿಂತರೆ ಹಸುವಿಗೆ ಕೆಚ್ಚಲು ಬಾವು ಬರುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಅತ್ತೆಯ ಸೀಟಿನಲ್ಲೇ ಕೂತೆ.

ಆರನೆಯದೋ ಏಳನೆಯದೋ ಸುರಂಗ ದಾಟಿದ ಮೇಲೆ ಬಕೆಟ್ಟು ತುಂಬಿತು ಅಂತ ಯಜಮಾನರು ಹೇಳಿದ್ದು ನಮಗೆಲ್ಲ ಕೇಳಿಸಿತು. ಬೋಗಿಯವರು ಚಪ್ಪಾಳೆ ತಟ್ಟಿದರು. ನಾನು ನನ್ನ ಸೀಟಿಗೆ ಹೋಗಲು ಸೆರಗು ಸರಿಮಾಡಿಕೊಂಡೆ. ಯಜಮಾನರು ಹಾಲು ತೆಗೆದುಕೊಂಡು ಡೈರಿಗೆ ಹೊರಟರು. ಅತ್ತೆ ಏಳಲಿಲ್ಲ. ಮಾವನಿಗೆ ಹೇಳಿ ಫೋನನ್ನು ಮತ್ತೆ ಹಸುವಿನ ಕಿವಿಗೆ ಇಡಿಸಿದರು.

"ಇಲ್ಲೊಂದ್ ಕಡೆ ಬೆಟ್ಟದ್ ಮ್ಯಾಲಿಂದ ನೀರ್ ಬೀಳ್ತಾ ಐತೆ ಕಣವ್ವ. ಎಲ್ಲಿ ನೋಡುದ್ರೂ ಹಸುರು. ಉಲ್ಲು ಎದೆಮಟ್ಟ ಬೆಳೆದು ನಿಂತೈತೆ, ಮೇಯೋರೇ ಇಲ್ಲ," ಅಂತ ನಿಧಾನವಾಗಿ, ಒಂದೂ ಬಿಡದೆ ಹೇಳುತ್ತಾ ಹೋದರು. ಸೇತುವೆ ಬಂದರೆ ಸೇತುವೆ, ಮೋಡ ಬಂದರೆ ಮೋಡ. ನಾನು ತಾಳ್ಮೆಗೆಟ್ಟು ಅವರ ಹೆಗಲು ಮುಟ್ಟಿದೆ. ಹಾಲು ಆಯ್ತಲ್ಲ ಅತ್ತೆ, ಸ್ವಲ್ಪ ಜರುಗಿ, ನಾನೂ ನೋಡುತ್ತೇನೆ ಅಂದೆ.

ಅತ್ತೆ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಮರುಕವಿತ್ತು.

"ನೀನು ಓದ್ದೋಳು ಕಣ್ ಮಗಾ, ಪುಸ್ತಕ ತೆಗುದ್ರೆ ಕಾಣ್ತದೆ. ಅದೆಲ್ಲಿ ನೋಡ್ತದೆ, ಪಾಪ?"