ಮುಂದಿನ ಮಾಡೆಲ್ ಬರಲಿ

ತಾಳಿದವನು ಬಾಳಿಯಾನು ಎಂಬುದನ್ನು ಯಾರ್ಕ್‌ಟನ್ ಎಂಬ ಊರಿನ ಒರೆಸ್ಟ್ ಲ್ಯಾಪ್‌ಟಾಪಿಗೂ ಅನ್ವಯಿಸಿಕೊಂಡಿದ್ದ. ಮನೆಯ ಲ್ಯಾಪ್‌ಟಾಪಿನ ಪರದೆ ಎಂದೋ ಕಣ್ಣು ಮುಚ್ಚಿತ್ತು. ಅದಕ್ಕೊಂದು ತಂತಿ ಸಿಕ್ಕಿಸಿ, ನೆಲಮಾಳಿಗೆಯ ದೊಡ್ಡ ಟೀವಿಯ ಹಿಂದೆ ಮುಚ್ಚಿ ಮಲಗಿಸಿ, ಬೇರೊಂದು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅವನು ಲೋಕವ್ಯವಹಾರ ನಡೆಸುತ್ತಿದ್ದ. (ಲೋಕವ್ಯವಹಾರವೆಂದರೆ, ಮುಂದೆ ಬರಲಿರುವ ಲ್ಯಾಪ್‌ಟಾಪುಗಳ ಸುದ್ದಿ ಓದುವುದು.)

ಹೆಂಡತಿ ಜೀನಿಯಾಳಿಗೆ ಬೇರೆಯೇ ತುರ್ತು. ಹುಡುಗಿಯಾಗಿದ್ದಾಗ ಅಮ್ಮನ ಕಾಯಿಲೆಯಿಂದಾಗಿ ಬಿಟ್ಟಿದ್ದ ಹೈಸ್ಕೂಲನ್ನು ಮೊಮ್ಮಕ್ಕಳಾದ ಮೇಲೆ ಮುಗಿಸಲು ಹೊರಟಿದ್ದಳು. ಪಾಠ, ಪರೀಕ್ಷೆ ಎಲ್ಲ ಆನ್‌ಲೈನಿನಲ್ಲೇ. ಬೀಜಗಣಿತದ ಮೇಷ್ಟರು ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಮೂರ್ಛೆ ಹೋಗುತ್ತಿತ್ತು.

"ಇವತ್ತೂ ಪಾಠ ಅರ್ಧಕ್ಕೇ ನಿಂತೋಯ್ತು. ಹೊಸಾದು ತಗೊಳ್ಳೋಣ ಕಣೋ."

"ಈಗ್ಲಾ? ತಲೆ ಕೆಟ್ಟಿದ್ಯಾ ಮಾರಾಯ್ತಿ? ಮುಂದೆ ಹೊಸ ಚಿಪ್ ಬರ್ತಿದೆ!"

"ಹೋದ್ ವರ್ಷಾನೂ ಬರ್ತಿತ್ತು."

"ಬಂತಲ್ಲ! ಅಷ್ಟೊತ್ತಿಗೆ ಅದರಪ್ಪನಂಥದ್ದು ಬರುತ್ತೆ ಅಂದ್ರು. ಇವತ್ತು ತಗೊಂಡೋನು ನಾಳೆ ಪೆದ್ದ ಆಗ್ತಾನೆ."

"ನಮ್ಮಪ್ಪನೂ ಇದನ್ನೇ ಹೇಳಿದ್ರು. ಇಷ್ಟ್ ಬೇಗ ಇವನನ್ನ ಒಪ್ಪಬೇಡ, ಸ್ವಲ್ಪ ಕಾಯಿ ಅಂತ. ನಾನೇ ಕೇಳ್ಲಿಲ್ಲ."

ಒರೆಸ್ಟ್ ಈ ಮಾತಿನ ಆಳಕ್ಕೆ ಇಳಿಯಲಿಲ್ಲ (ಬಾಯಲ್ಲಿ ಪೆರೋಗಿ ಎಂಬ ಆಲೂಗಡ್ಡೆ ಕಡುಬು ಇತ್ತು). ಜೀವನವಿಡೀ ಗೋಧಿ ಬೆಳೆದವನು ಅವನು. ಗೋಧಿಯನ್ನು ಕಣಜದಲ್ಲಿಟ್ಟು, ಬೆಲೆ ಏರಲಿ ಎಂದು ಹಿಮ ಕರಗುವವರೆಗೂ ಕಾಯುವುದೇ ಅವನ ಕಸುಬು. ಒಮ್ಮೆ ಹಾಗೆ ಕಾದು ಗೆದ್ದಿದ್ದ. ಸೋತ ವರ್ಷಗಳು ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ಕಾಯುವುದರಲ್ಲಿ ಒಂದು ಸುಖವಿದೆ. ಕೊಳ್ಳದ ವಸ್ತು ಕೆಡುವುದಿಲ್ಲ, ತೀರ್ಮಾನವನ್ನೇ ಮಾಡದವನು ತಪ್ಪುವುದಿಲ್ಲ. ಆದರೆ ಜೀನಿಯಾ ಪಾಠವಿಲ್ಲದ ಟೀವಿಯ ಮುಂದೆ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿರುವುದನ್ನು ನೋಡಿದಾಗ ಅವನಿಗೂ ಕೆಡುಕೆನಿಸುತ್ತಿತ್ತು. ಆಗ ಅವನು ಇನ್ನಷ್ಟು ಶ್ರದ್ಧೆಯಿಂದ ಸುದ್ದಿ ಓದುತ್ತಿದ್ದ.

ವಸಂತದಲ್ಲೊಂದು ಪವಾಡ ನಡೆಯಿತು. ಯಂತ್ರ ಕುದುರೆಯಂತೆ ಓಡತೊಡಗಿತು. ಹಿಂದಿನ ದಿನವಷ್ಟೇ ಅವನು ಟೀವಿಯ ಹಿಂದಕ್ಕೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ತೂರಿಸಿ ಧೂಳು ಹೀರಿಸಿದ್ದ.

"ನೋಡಿದ್ಯಾ? ಧೂಳು ಹೋಯ್ತು, ನಮ್ಮ ಮುದುಕನಿಗೆ ಪ್ರಾಯ ಬಂತು!"

"ನಿನ್ನ ಕೈಗುಣ ಕಣಪ್ಪಾ," ಎಂದು ಜೀನಿಯಾ ಪಾಠಕ್ಕೆ ಕೂತಳು.

ಶರತ್ಕಾಲದಲ್ಲಿ ಆ ಮಹಾ ಮಾಡೆಲ್ ಬಿಡುಗಡೆಯಾಯಿತು. ಅದನ್ನು ಟೀವಿಯಲ್ಲಿ ನೋಡಲು ಒರೆಸ್ಟ್, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ಗೆಳೆಯರನ್ನೆಲ್ಲ ಕರೆದ. ಕಸೂತಿ ಬಟ್ಟೆ ಹೊದಿಸಿದ ಹಲಗೆಯ ಮೇಲೆ ತಾನೇ ಪೆರೋಗಿಯ ಬಿಸಿ ಪಾತ್ರೆ ತಂದಿಟ್ಟ. ಎಲ್ಲ ನೋಡಿ ಮುಗಿದ ಮೇಲೆ ಎದ್ದು ನಿಂತು ತೀರ್ಪು ಕೊಟ್ಟ:

"ಇದರ ಬೆಲೆ ನೋಡ್ರೋ! ನಮ್ಮ ಮುದುಕ ಇದಕ್ಕಿಂತ ಏನು ಕಮ್ಮಿ? ನಾನಂತೂ ತಗೊಳ್ಳಲ್ಲ. ಕಾದಿದ್ದಕ್ಕೂ ಸಾರ್ಥಕ ಆಯ್ತು!"

ಪಕ್ಕದ ಮನೆಯ ಮೆಟ್ರೊ ಕೆಮ್ಮಿದ. "ಜೀನಿಯಾ, ಇನ್ನೂ ಹೇಳಿಲ್ವಾ ಇವನಿಗೆ?"

ಜೀನಿಯಾ ಟೀವಿಯ ಹಿಂದಿನಿಂದ ತೆಳ್ಳಗಿನ, ಬೆಳ್ಳಗಿನ, ಒರೆಸ್ಟ್ ಎಂದೂ ಕಂಡಿರದ ಲ್ಯಾಪ್‌ಟಾಪನ್ನು ಈಚೆಗೆಳೆದಳು. "ನೀನು ಧೂಳು ತೆಗೆದ ಮಾರನೇ ಬೆಳಗ್ಗೆ ತಂದಿದ್ದು. ಮೆಟ್ರೊನ ಮಗಳು ಹಳೇದ್ರಲ್ಲಿದ್ದ ನಿನ್ನ ಸಾಮಾನೆಲ್ಲ ಇದಕ್ಕೆ ಹಾಕಿಕೊಟ್ಳು."

"ಹಾಗಾದ್ರೆ ನಮ್ಮ ಮುದುಕ?"

ಅವಳು ಪೆರೋಗಿ ಪಾತ್ರೆಯ ಕೆಳಗಿನ ಕಸೂತಿ ಬಟ್ಟೆಯನ್ನು ತುಸು ಎತ್ತಿ ತೋರಿಸಿದಳು. ಹಲಗೆಯ ಅಂಚಿನಲ್ಲಿ ತಂತಿ ಸಿಕ್ಕಿಸುವ ತೂತುಗಳಿದ್ದವು.

ಆಮೇಲೆ ಟೀವಿಯ ತುಂಬ ಒಂದು ಹಾಳೆ ಮೂಡಿಸಿದಳು. ಜೀನಿಯಾ ಹೈಸ್ಕೂಲ್ ಪಾಸಾಗಿದ್ದಳು, ಬೀಜಗಣಿತದಲ್ಲೂ. ಗೆಳೆಯರು ಚಪ್ಪಾಳೆ ತಟ್ಟಿದರು. ಒರೆಸ್ಟನಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

"ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ ಕಣೋ," ಎಂದಳು ಜೀನಿಯಾ, ಅವನ ತಟ್ಟೆಗೆ ಇನ್ನೊಂದು ಪೆರೋಗಿ ಹಾಕುತ್ತಾ. "ಇನ್ನೂ ಒಳ್ಳೇ ಸಮಯ ಬರುತ್ತೆ ಅಂದ್ರು. ಕಾದೆ."