ಗಾಜಿನ ಪೆಟ್ಟಿಗೆ ಸೇರಿದ ನಮ್ಮಮ್ಮನ ಲಟ್ಟಣಿಗೆ

ಟಾಲ್ಮನ್ ಕೌಂಟಿ ಇತಿಹಾಸ ಸಂಘದ ಅಧ್ಯಕ್ಷರಾದ ಶ್ರೀ ಗೇಲಾರ್ಡ್ ಕ್ವಾಮ್ ಅವರ ಸನ್ನಿಧಾನಕ್ಕೆ, ನಮ್ಮೂರಿನ ವಾರಪತ್ರಿಕೆಯ ಮೂಲಕ.

ಮಾನ್ಯರೇ,

ತಾವೂ, ತಮ್ಮ ಮಂಡಳಿಯ ಎಂಟು ಸದಸ್ಯರೂ, ಮಹಡಿಯ ಮೇಲೆ ಹುಲ್ಲು ತುಂಬಿ ನಿಲ್ಲಿಸಿರುವ ಎರಡು ತಲೆಯ ಕರುವೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಹಳೆಯ ಬೆಣ್ಣೆ ಕಾರ್ಖಾನೆಯ ಕಟ್ಟಡದಲ್ಲಿ ತಾವು ನಮ್ಮ ಕೌಂಟಿಯ ಚರಿತ್ರೆಯನ್ನು ಕಾಪಾಡಿಕೊಂಡು ಬಂದಿರುವ ರೀತಿಗೆ ಎಷ್ಟು ಕೈ ಮುಗಿದರೂ ಸಾಲದು. ಮೂವತ್ತೊಂದು ಹೊಲಿಗೆ ಯಂತ್ರಗಳನ್ನು, ಸತ್ತವರ ಕೂದಲಿನಿಂದ ಹೆಣೆದ ಹೂಮಾಲೆಯನ್ನು, ಇಲ್ಲಿಯ ಮೊದಲ ದಂತವೈದ್ಯರು ಕಿತ್ತ ಹಲ್ಲುಗಳ ಜಾಡಿಯನ್ನು ಇಷ್ಟು ಮಮತೆಯಿಂದ ಸಾಕುವ ಇನ್ನೊಂದು ಸಂಸ್ಥೆ ಇಡೀ ಮಿನೆಸೋಟದಲ್ಲಿ ಇದ್ದರೆ ನಾನು ಕಾಣೆ. ನನ್ನ ಅಹವಾಲು ತೀರ ಸಣ್ಣದು. ಈಚೆಗೆ ತಾವು ಇನ್ನೂ ಬದುಕಿರುವವರ ಅಡಿಗೆಮನೆಯ ಸಾಮಾನನ್ನೂ ಸಂಗ್ರಹಿಸತೊಡಗಿದ್ದೀರಿ.

ಕಳೆದ ಅಕ್ಟೋಬರಿನ ಸುಗ್ಗಿ ದಿನದಂದು, ತಮ್ಮ ಕೋರಿಕೆಯ ಮೇರೆಗೇ, ನಾನು ತಮ್ಮ ನೆಲಮಾಳಿಗೆಯಲ್ಲಿ ನಿಂತು, ನಾರ್ವೆಯಿಂದ ಬಂದ ನಮ್ಮ ಹಿರಿಯರ ತೆಳು ರೊಟ್ಟಿಯಾದ ಲೆಫ್ಸೆ ಮಾಡಿ ತೋರಿಸಿದೆ. ಆಲೂಗಡ್ಡೆಯ ಹಿಟ್ಟನ್ನು ಆಚೆ ಬದಿಯ ಬೆರಳು ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕಾದ್ದರಿಂದ, ಮೈತುಂಬ ಗೀರು ಕೆತ್ತಿರುವ ನಮ್ಮಮ್ಮನ ಲಟ್ಟಣಿಗೆಯನ್ನೇ ತಂದಿದ್ದೆ. ತಾವು ಒಂಬತ್ತು ತಿಂದಿರಿ. ಎಣಿಸಿದವಳು ನಾನಲ್ಲ, ತಮ್ಮ ಶ್ರೀಮತಿಯವರು. ಎಲ್ಲ ಮುಗಿದ ಮೇಲೆ ತಮ್ಮ ಹೊಸ ದಾಖಲೆಗಾರರಾದ, ದೂರದ ಕನೆಕ್ಟಿಕಟ್ಟಿನಿಂದ ಬಂದ ಶ್ರೀ ವಿನ್‌ಸ್ಲೋ ಪೀಬಾಡಿಯವರು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ನಮ್ಮ ಮ್ಯೂಸಿಯಮ್ಮಿಗೆ ಎಷ್ಟ್ ಚೆನ್ನಾಗಿ ಒಪ್ಪುತ್ತೆ ಇದು! ಮನೆಗೆ ತಗೊಂಡ್ ಹೋಗ್ತೀರಾ ಮೇಡಂ, ಇಲ್ಲೇ ಇರ್ಲಾ?" ಎಂದು ಕೇಳಿದರು. ನಾನು, "ಅಯ್ಯೋ, ನನ್ನದೇನು ಬಿಡಿ, ಇಲ್ಲೇ ಇದ್ರೂ ಆಯ್ತು" ಎಂದೆ.

ಮಾನ್ಯರೇ, ತಾವು ಇಲ್ಲೇ ಹುಟ್ಟಿ ಬೆಳೆದವರು. ನಮ್ಮ ಕೌಂಟಿಯಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲ ಸುಮ್ಮನೆ ನಿಮಗೆ ತೊಂದರೆ ಎನ್ನಬೇಕು, ಮೂರನೆಯ ಸಲ ಅರ್ಧ ಲೋಟ ಸಾಕು ಎಂದು ಹೇಳಿ ಮೂರು ಲೋಟ ಕುಡಿಯಬೇಕು. ನನ್ನ ಯಜಮಾನರು ಮದುವೆಯ ಮಾತೆತ್ತಿದಾಗಲೂ ನಾನು ಎರಡು ಸಲ ಬೇರೆ ಯಾರನ್ನಾದರೂ ಕೇಳಿ ನೋಡಿ ಎಂದಿದ್ದೆ. ಪೀಬಾಡಿಯವರು ಒಂದೇ ಸಲ ಕೇಳಿದರು. ಎರಡನೆಯ ಪ್ರಶ್ನೆಗಾಗಿ ನಾನು ಕೋಟು ತೊಟ್ಟು ಬಾಗಿಲಲ್ಲಿ ಕಾಲು ಗಂಟೆ ನಿಂತೆ, ಮೊದಲ ಹಿಮ ಯಾವಾಗ ಬೀಳಬಹುದೆಂದು ವಿಚಾರಿಸಿದೆ, ಕೈಗವಸು ಮರೆತವಳಂತೆ ಒಮ್ಮೆ ಹಿಂತಿರುಗಿಯೂ ಬಂದೆ. ಅಷ್ಟರಲ್ಲಿ ಅವರು ಲಟ್ಟಣಿಗೆಯ ತುದಿಗೆ ಕಪ್ಪು ಮಸಿಯಲ್ಲಿ ಸಂಖ್ಯೆ ಬರೆದು, ಮೇಲೆ ವಾರ್ನಿಷ್ ಬಳಿದು, ದಾನವೆಂದು ಪುಸ್ತಕದಲ್ಲಿ ದಾಖಲಿಸಿಯಾಗಿತ್ತು. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದು ತಾವು ಹೇಳಲಾರಿರಿ, ಏಕೆಂದರೆ ತಾವೂ ಕೇಳುತ್ತಿರಲಿಲ್ಲ.

ಈಗ ಅದು ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಮಖಮಲ್ಲಿನ ಮೇಲೆ, ಪುಟ್ಟ ದೀಪದ ಕೆಳಗೆ ಮಲಗಿದೆ. ನಮ್ಮಮ್ಮನಿಗೆ ಜೀವಮಾನದಲ್ಲಿ ಅಂಥ ಹಾಸಿಗೆ ಸಿಗಲಿಲ್ಲ. ಪಕ್ಕದ ಚೀಟಿಯಲ್ಲಿ "ಬಟ್ಟೆ ಬಡಿಯುವ ಕೋಲು, ಸುಮಾರು 1870. ಬಳಸಿದವರು ಯಾರೆಂದು ತಿಳಿದಿಲ್ಲ" ಎಂದಿದೆ. ನಮ್ಮಪ್ಪ ಅದನ್ನು ಕೊಟ್ಟಿಗೆಯಲ್ಲಿ ಕೂತು ಕೆತ್ತಿದ್ದು 1946ರ ಚಳಿಗಾಲದಲ್ಲಿ. ಬಳಸಿದವರು ಯಾರೆಂದು ತಿಳಿದಿಲ್ಲ ಎಂಬುದನ್ನು, ಬಳಸಿದವಳಾದ ನಾನು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಇಂಥ ಸಂಶೋಧನೆ ಸುಮ್ಮನೆ ಬರುವುದಿಲ್ಲ.

ಇಲ್ಲಿಯವರೆಗಿನದಕ್ಕೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನನ್ನ ಅಕ್ಕ ಆರ್ಡಿಸ್‌ಗೆ ಎಂಬತ್ತಾರು ವರ್ಷ, ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಹೊಲಿಗೆ ಬಿಟ್ಟಳು, ಇಸ್ಪೀಟು ಬಿಟ್ಟಳು, ಲೆಫ್ಸೆ ಬಿಡಲಿಲ್ಲ. ಆ ಲಟ್ಟಣಿಗೆ ಹಿಡಿದರೆ ಹಿಟ್ಟು ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಅವಳ ಅಂಗೈಗೆ ಗೊತ್ತಾಗುತ್ತಿತ್ತು. ಪ್ರತಿ ಡಿಸೆಂಬರಿನಲ್ಲೂ ಅವಳು ಲಟ್ಟಿಸುವುದು, ನಾನು ಬೇಯಿಸುವುದು. ಈ ಡಿಸೆಂಬರಿನಲ್ಲಿ, ನಡೆದದ್ದನ್ನು ಹೇಳಲು ಮುಖವಿಲ್ಲದೆ ನಾನು, ಹಳೆಯದು ಸೀಳು ಬಿಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿ, ಅಂಗಡಿಯಿಂದ ಹೊಸದೊಂದನ್ನು ತಂದುಕೊಟ್ಟೆ. ಏಳು ಲೆಫ್ಸೆ ಹರಿದವು. ಎಂಟನೆಯದಕ್ಕೆ ಅವಳು ಕೈ ತೊಳೆದುಕೊಂಡು ಕುರ್ಚಿಯಲ್ಲಿ ಕೂತು, "ಸಾಕು ಕಣೇ, ಕಣ್ಣು ಹೋಗಿತ್ತು, ಈಗ ಕೈಯೂ ಹೋಯ್ತು" ಎಂದಳು. ಮಾನ್ಯರೇ, ಆ ದಿನ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ತಮ್ಮ ಮೇಲೂ ಬಂದಿಲ್ಲ.

ಮಾರನೆಯ ದಿನವೇ ಪೀಬಾಡಿಯವರ ಬಳಿ ಹೋದೆ. ಬಿಳಿಯ ಹತ್ತಿಯ ಕೈಗವಸು ತೊಟ್ಟು ಹಲ್ಲಿನ ಜಾಡಿ ಒರೆಸುತ್ತಿದ್ದ ಅವರು ಬಹಳ ಸೌಜನ್ಯದಿಂದ ವಿವರಿಸಿದರು: ಒಮ್ಮೆ ಸಂಗ್ರಹಕ್ಕೆ ಸೇರಿದ ವಸ್ತು ಹೊರಗೆ ಹೋಗಬೇಕಾದರೆ ಮಂಡಳಿಯ ಮೂರು ಸಭೆಗಳಲ್ಲಿ ಮೂರು ಸಲ ನಿರ್ಣಯ ಓದಬೇಕು, ಸಭೆ ಮೂರು ತಿಂಗಳಿಗೊಮ್ಮೆ, ಚಳಿಗಾಲದಲ್ಲಿ ಅರ್ಧ ಮಂಡಳಿ ಬಿಸಿಲು ಕಾಯಿಸಲು ಅರಿಜೋನಾಕ್ಕೆ ಹೋಗಿರುತ್ತದೆ. ಇಸಿದುಕೊಳ್ಳುವಾಗ ಒಂದೇ ಸಲ ಕೇಳಿದ ಸಂಘ ಕೊಡುವಾಗ ಮಾತ್ರ ನಮ್ಮೂರ ಸಂಪ್ರದಾಯವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. "ನೋಡೋಕೆ ಯಾವಾಗ್ ಬೇಕಾದ್ರೂ ಬನ್ನಿ, ನಿಮ್ಮಕ್ಕನ್ನೂ ಕರ್ಕೊಂಡ್ ಬನ್ನಿ, ಟಿಕೆಟ್ ಬೇಡ" ಎಂದರು. ಕಣ್ಣು ಕಾಣದವಳಿಗೆ ಈ ಸೌಲಭ್ಯವನ್ನು ತಿಳಿಸುತ್ತೇನೆಂದು ಹೇಳಿ ಬಂದೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ನಿಯಮ ಸಡಿಲಿಸಲು ಆಗದಿದ್ದರೆ ಆರ್ಡಿಸ್‌ಳನ್ನೂ ಸಂಗ್ರಹಕ್ಕೆ ಸೇರಿಸಿಕೊಂಡು, ಹಿಮ್ಮಡಿಗೆ ಸಂಖ್ಯೆ ಬರೆದು ವಾರ್ನಿಷ್ ಬಳಿದು, ಲಟ್ಟಣಿಗೆಯ ಪಕ್ಕದಲ್ಲೇ ಕೂರಿಸಬೇಕು. ಅವಳಿಗೆ ಮಖಮಲ್ಲು ಬೇಡ, ದಿನಕ್ಕೆ ನಾಲ್ಕು ಸಲ ಕಾಫಿ ಸಾಕು. ಅದೂ ಕಷ್ಟವಾದರೆ, ಕ್ರಿಸ್‌ಮಸ್ ಮುಗಿಯುವವರೆಗೆ ಎರಡು ತಲೆಯ ಕರುವನ್ನು ನಮ್ಮ ಮನೆಯಲ್ಲಿ ಒತ್ತೆ ಇಟ್ಟು ಲಟ್ಟಣಿಗೆಯನ್ನು ಕೊಡಬೇಕು. ಊಟದ ಮೇಜಿನಲ್ಲಿ ಅದಕ್ಕೆ ಎರಡು ತಟ್ಟೆ ಇಡುವ ಹೊಣೆ ನನ್ನದು.

ತಮ್ಮ ಒಂಬತ್ತು ಲೆಫ್ಸೆಗಳಿಗೂ ತಾನೇ ಬೆಣ್ಣೆ ಸವರಿಕೊಟ್ಟ,
ತಮ್ಮ ವಿಶ್ವಾಸಿ,
ಮಾರ್ಡೆಲ್ ಟ್ವೆಟೆನ್

ವಿ.ಸೂ.: ಪತ್ರಿಕೆಯಲ್ಲಿ ಬಂದರೆ ಹೇಗೂ ಯಾರಾದರೂ ಹೇಳಿಬಿಡುತ್ತಾರೆಂದು ಈ ಪತ್ರವನ್ನು ಮೊದಲು ಆರ್ಡಿಸ್‌ಗೇ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, ನನ್ನನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಬೆರಳುಗಳನ್ನು ಮಡಚಿ ಬಿಡಿಸುತ್ತಾ, "ಹಾಗಾದ್ರೆ ನನ್ ಕೈ ಹೋಗಿಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ, "ಆ ಗಾಜಿನ ಪೆಟ್ಟಿಗೆ ನಿನ್ ಗಂಡನ ವಾಚಿನ ಅಂಗಡೀದಲ್ವೇನೇ?" ಎಂದಳು. ಹೌದು ಮಾನ್ಯರೇ, ಅಂಗಡಿ ಮುಚ್ಚಿದಾಗ ನನ್ನ ಯಜಮಾನರು ಅದನ್ನು ತಮಗೆ ದಾನ ಕೊಟ್ಟರು, ಒಂದು ಕೀಲಿಕೈ ಸಹಿತ. ಇನ್ನೊಂದು ನಮ್ಮ ಅಡಿಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ತಾವು ಬಾಗಿಲು ತೆರೆಯುವಾಗ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿರುತ್ತೇವೆ. ಆಲೂಗಡ್ಡೆಯನ್ನು ಬುಧವಾರವೇ ಬೇಯಿಸಿಡುತ್ತೇವೆ.